ದನದ ದೊಡ್ಡಿಯಲ್ಲಿ ಭಾವನ ಕಾರು

ಕೂಗಾಡಿದವನನ್ನು ಬಿಟ್ಟು ಅವನ ಪಕ್ಕದಲ್ಲಿ ಸುಮ್ಮನೆ ನಿಂತವನನ್ನು ಹಿಡಿಯುವುದು ನಮ್ಮ ತಾಲ್ಲೂಕಿನಲ್ಲಿ ಹೊಸದಲ್ಲ. ನನ್ನ ಜೊತೆ ನಿಂತವರಿಗೆಲ್ಲ ಇದು ಆಗುತ್ತಲೇ ಬಂದಿದೆ. ಭಾವನ ಕಾರಿನ ಕತೆ ಹೇಳಿದರೆ ಜನ ನಗುತ್ತಾರೆ. ನಾನೂ ನಗುತ್ತೇನೆ. ನಕ್ಕ ಮೇಲೆ ಊಟ ಸೇರುವುದಿಲ್ಲ.

೧. ದಸ್ತಗಿರಿ

ಅರವತ್ತರ ದಶಕದ ಕೊನೆಯ ಮಾತು. ದೊಡ್ಡಬಳ್ಳಾಪುರದ ಮಗ್ಗದ ಕೆಲಸಗಾರರಿಗೆ ಕೂಲಿ ಹೆಚ್ಚಿಸಿ ಎಂದು ಊರೂರು ಸುತ್ತಿ ಸಾರುತ್ತಿದ್ದೆ. ಅಕ್ಕನ ಗಂಡ ಒಂದು ಹಳೇ ಕಾರನ್ನು ಬಾಡಿಗೆಗೆ ಓಡಿಸಿಕೊಂಡಿದ್ದರು. ಅವರ ಮನೆಯ ಒಲೆ ಉರಿಯುತ್ತಿದ್ದುದೇ ಅದರಿಂದ. ಒಂದು ದಿನದ ಮಟ್ಟಿಗೆ ಬನ್ನಿ ಎಂದು ಕರೆದೆ, ಬಂದರು. ಕಾರಿನ ತಲೆಯ ಮೇಲೆ ಮೈಕು ಕಟ್ಟಿದೆ. ಹತ್ತಿರದ ಮಧುರೆ ಎಂಬ ಊರು ದಾಟುವಷ್ಟರಲ್ಲಿ ಸಬ್ ಇನ್ಸ್‌ಪೆಕ್ಟರು ಕೈ ಅಡ್ಡ ಹಿಡಿದರು.

"ಮೈಕಿಗೆ ಪರ್ಮಿಷನ್ ಎಲ್ಲಿ?"

"ಹೊಟ್ಟೆಗಿಲ್ಲ ಅಂತ ಹೇಳೋಕೂ ಪರ್ಮಿಷನ್ ಬೇಕಾ? ಹಿಡ್ಕೊಂಡು ಹೋಗಿ ನನ್ನ" ಎಂದು ಎರಡೂ ಕೈ ಚಾಚಿದೆ. ನನಗೆ ಬೇಡಿ ಬಿದ್ದರೆ ನಾಳೆ ಮಗ್ಗಗಳು ನಿಲ್ಲುತ್ತವೆ ಎಂಬ ಲೆಕ್ಕ ನನ್ನದು.

ಆ ಲೆಕ್ಕ ಅವರಿಗೂ ಗೊತ್ತಿತ್ತು. "ನೀನು ಬೇಡಪ್ಪ. ನಿನಗೆ ಅನ್ನ ಹಾಕ್ಬೇಕಾಗ್ತದೆ. ಕಾರು ಸಾಕು" ಎಂದರು.

೨. ಹುಲ್ಲಿನ ಖರ್ಚು

ಠಾಣೆಯ ಅಂಗಳದಲ್ಲಿ ಜಾಗವಿರಲಿಲ್ಲ. ಕಾರನ್ನು ಅದೇ ಊರಿನ ದನದ ದೊಡ್ಡಿಗೆ ಕಳಿಸಿದರು. ಯಾರದೋ ಹೊಲಕ್ಕೆ ನುಗ್ಗಿದ ದನಗಳನ್ನು ಕೂಡಿಹಾಕುವ ಕಲ್ಲುಗೋಡೆಯ ಆವರಣ ಅದು. ಬಿಡಿಸಿಕೊಳ್ಳಲು ದಿನಕ್ಕಿಷ್ಟು ಎಂದು ಕಟ್ಟಬೇಕು. ಹೆಚ್ಚು ದಿನ ಬಿಟ್ಟರೆ ಹರಾಜು.

ದೊಡ್ಡಿ ಕಾಯುವ ತಾತನಿಗೆ ದರ ಗೊತ್ತಿದ್ದುದು ಎಮ್ಮೆಗೆ, ಎತ್ತಿಗೆ, ಕತ್ತೆಗೆ, ಕುರಿಗೆ. ಕಾರಿಗೆ ಯಾರೂ ಹೇಳಿರಲಿಲ್ಲ.

"ಕುರಿ ಅಂತ ಹಾಕ್ಕೊಳ್ಳಿ ತಾತ" ಎಂದರು ಭಾವ, ಮೆತ್ತಗೆ.

ತಾತ ಕಾರಿನ ಸುತ್ತ ಒಂದು ಸಲ ಬಂದ. "ಕುರಿ ಎಲ್ಲಾದ್ರೂ ಇಷ್ಟುದ್ದ ಇರ್ತದಾ ಸ್ವಾಮಿ? ಕರ್ರಗೆ ಬೇರೆ ಐತೆ. ಎಮ್ಮೆ."

ಎಮ್ಮೆಯ ದರ, ಅದರ ಮೇಲೆ ಮೇವಿನ ಖರ್ಚು. ಮಾರನೆಯ ದಿನ ಹೋಗಿ ನೋಡಿದರೆ ಕಾರಿನ ಮೂತಿಯ ಮುಂದೆ ಒಂದು ಹೊರೆ ಹುಲ್ಲು, ಒಂದು ಬಾನಿ ನೀರು. ಪಕ್ಕದ ದನಗಳು ಹಬ್ಬ ಮಾಡುತ್ತಿದ್ದವು.

"ಕಾರು ಹುಲ್ಲು ತಿಂತದಾ?" ಎಂದು ಹಾರಾಡಿದೆ.

"ತಿನ್ನೋದು ಬಿಡೋದು ಅದರಿಷ್ಟ. ಹಾಕ್ಲಿಲ್ಲ ಅಂತ ನಾಳೆ ನೀವೇ ನನ್ ಮೇಲೆ ಅರ್ಜಿ ಕೊಡ್ತೀರ. ನಿಮ್ಮಂಥೋರ್ನ ನೋಡಿಲ್ವಾ ನಾನು" ಎಂದ.

೩. ಕ್ಷಮಾಪಣೆ

ಕಾರು ಬಿಡಿಸಲು ಠಾಣೆಯ ಚೀಟಿ ಬೇಕು. ಠಾಣೆಯವರು ಕೋರ್ಟಿಗೆ ಹೋಗಿ ಎಂದರು. ಕೋರ್ಟಿನವರು ದಂಡ ಕಟ್ಟಿಸಿಕೊಂಡು ಠಾಣೆಗೇ ಹೋಗಿ ಎಂದರು. ಠಾಣೆಗೆ ಬಂದರೆ ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ಆ ಸುತ್ತಾಟದ ಒಂದೊಂದು ದಿನವೂ ದೊಡ್ಡಿಯಲ್ಲಿ ಹುಲ್ಲು ಬೀಳುತ್ತಿತ್ತು, ಭಾವನ ಬಾಡಿಗೆ ಗಿರಾಕಿಗಳು ಬೇರೆ ಕಾರು ಹತ್ತುತ್ತಿದ್ದರು. ಗುಜರಿಯವನೊಬ್ಬ ಆಗಲೇ ಬಂದು ಟೈರು ಒತ್ತಿ ನೋಡಿಕೊಂಡು ಹೋಗಿದ್ದ.

ಕೊನೆಗೆ ಸಿಕ್ಕ ಸಬ್ ಇನ್ಸ್‌ಪೆಕ್ಟರು, "ತಪ್ಪಾಯ್ತು ಅಂತ ಬರ್ಕೊಡಿ. ಈಗಲೇ ಚೀಟಿ ಕೊಡ್ತೀನಿ" ಎಂದರು.

ನಾನು ಠಾಣೆಯ ಮೆಟ್ಟಿಲ ಮೇಲೆ ನಿಂತು ಭಾಷಣ ಶುರು ಮಾಡಿದೆ. ಹಸಿವು ತಪ್ಪಲ್ಲ, ಹಸಿವಿಗೆ ದಂಡ ಹಾಕುವುದು ತಪ್ಪು ಎಂದೆ. ಆ ಮಾತನ್ನು ಇವತ್ತಿಗೂ ಹಿಂದೆಗೆದುಕೊಳ್ಳುವುದಿಲ್ಲ. ಬಸ್ಸಿಗೆ ಕಾದಿದ್ದವರು ಚಪ್ಪಾಳೆ ತಟ್ಟಿದರು. ಭಾವ ತಟ್ಟಲಿಲ್ಲ. ಹತ್ತಿರ ಬಂದು ನನ್ನ ಅಂಗಿ ಜೇಬಿಗೆ ಕೈ ಹಾಕಿದರು.

"ಲೋ, ನೀನು ಹೋರಾಡಿದಷ್ಟು ದಿನಾನೂ ಆ ಎಮ್ಮೆ ಮೇಯ್ತಾನೇ ಇರ್ತದೆ ಕಣೋ. ನೀನು ಮಾತಾಡು. ನಾನು ಬರೀತೀನಿ."

ಭಾವ ಒಳಗೆ ಹೋಗಿ ತಮ್ಮ ಹೆಸರಿನಲ್ಲೇ ತಪ್ಪಾಯ್ತೆಂದು ಬರೆದುಕೊಟ್ಟರು. ಅದರಲ್ಲಿ ನನ್ನ ಪಾಲು ಅಂತ ಇದ್ದದ್ದು ಪೆನ್ನು.

೪. ಕರೆದರೆ ಬರಬೇಕು

ಎಮ್ಮೆಯ ದರ ಕಟ್ಟಿ, ಚೀಟಿ ತೋರಿಸಿದರೂ ತಾತ ಗೇಟಿನ ಅಗಳಿ ಮುಟ್ಟಲಿಲ್ಲ. ಒಂದೇ ದನಕ್ಕೆ ಇಬ್ಬರು ಬಂದು ನಂದು ನಂದು ಎನ್ನುವುದು ಅಲ್ಲಿ ಮಾಮೂಲು. ಅದಕ್ಕೆ ಅವನದೊಂದು ಕಟ್ಟಳೆ: ಯಜಮಾನ ಗೇಟಿನ ಹತ್ತಿರ ನಿಂತು ಕರೆಯಬೇಕು, ದನ ಬರಬೇಕು.

"ಚೀಟಿ ಯಾರ್ ಬೇಕಾದ್ರೂ ತರ್ತಾರೆ. ಕರೀರಿ ಸ್ವಾಮಿ."

ನಾನು ಕೆಂಡವಾದೆ. ಇದೇ ನೋಡಿ ಅಧಿಕಾರದ ಸೊಕ್ಕು ಎಂದು ಬಾಯಿ ತೆರೆದೆ. ಭಾವ ನನ್ನ ಕಡೆ ಒಂದು ಸಲ ನೋಡಿದರು, ಬಾಯಿ ತಾನೇ ಮುಚ್ಚಿತು. ಆಮೇಲೆ ಗೇಟಿನ ಹತ್ತಿರ ಹೋಗಿ, ಕಾರಿನ ಕಡೆ ಕೈ ಚಾಚಿ, "ಬಾರವ್ವ, ಬಾ" ಎಂದರು. ತಮಾಷೆಗೆ ಕರೆದದ್ದಲ್ಲ.

ಯಾರದೋ ಕರುವೊಂದು ಎದ್ದು ಬಂದು ಅವರ ಕೈ ನೆಕ್ಕಿತು.

"ಇದೂ ನಿಮ್ದಾ?" ಎಂದ ತಾತ. "ಹಂಗಾದ್ರೆ ಇದರದ್ದೂ ಕಟ್ಬಿಡಿ."

ಭಾವ ಗೇಟು ಹತ್ತಿ ಒಳಗಿಳಿದು, ಕಾರಿನ ಹತ್ತಿರ ಹೋಗಿ, ಚಕ್ರಕ್ಕೆ ಕೊಟ್ಟಿದ್ದ ಕಲ್ಲನ್ನು ಕಾಲಲ್ಲಿ ತಳ್ಳಿದರು. ದೊಡ್ಡಿಯ ನೆಲ ಗೇಟಿನ ಕಡೆಗೆ ಇಳಿಜಾರು. ಕಾರು ಮೆಲ್ಲಗೆ ಹೊರಟಿತು. ಭಾವ ಪಕ್ಕದಲ್ಲೇ ನಡೆಯುತ್ತಾ, "ಬಾ, ಬಾ" ಎನ್ನುತ್ತಾ ಬಾಗಿಲು ತೆಗೆದು ಒಳಗೆ ಕೂತರು.

"ಆಯ್ತು, ನಿಮ್ದೇ" ಎಂದು ತಾತ ಅಗಳಿ ತೆಗೆದ.

ಮೈಕು ಬ್ಯಾಟರಿಯನ್ನೆಲ್ಲ ಹೀರಿಬಿಟ್ಟಿತ್ತು. ದೂಡಿಯೇ ಸ್ಟಾರ್ಟ್ ಮಾಡಬೇಕು. ನಾನು ಓಡಿಹೋಗಿ ಹಿಂದಿನಿಂದ ಹೆಗಲು ಕೊಟ್ಟೆ. ಸಗಣಿಯಲ್ಲಿ ಕಾಲು ಜಾರಿದರೂ ಬಿಡದೆ ದೂಡಿದೆ. ಇಂಜಿನ್ನು ಕೆಮ್ಮಿ, ಉಗುಳಿ, ಹತ್ತಿಕೊಂಡಿತು. ಭಾವ ಗೇಟು ದಾಟಿ ರಸ್ತೆಗಿಳಿದು ಹೋಗೇಬಿಟ್ಟರು. ನಿಲ್ಲಿಸಿದರೆ ಇಂಜಿನ್ನು ಆರಿಹೋಗುತ್ತದೆ ಅಂತಲೋ, ನಾನು ಹತ್ತುತ್ತೇನೆ ಅಂತಲೋ, ಕೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ. ಈಗ ಕೇಳಲು ಅವರಿಲ್ಲ.

ಹೊಗೆಯಲ್ಲಿ, ಮೊಣಕಾಲವರೆಗೆ ಸಗಣಿ ಮೆತ್ತಿಕೊಂಡು, ದೊಡ್ಡಿಯ ಒಳಗೇ ನಿಂತಿದ್ದೆ. ತಾತ ಗೇಟು ಅರ್ಧ ಎಳೆದು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನಿಮ್ ಯಜಮಾನ್ರು ಬಿಟ್ಟೋದ್ರಲ್ಲ. ಗೇಟ್ ಹಾಕ್ತೀನಿ. ನೀವು ಒಳಗೋ, ಹೊರಗೋ?"