ಕೇಳದೆ ಅಳಿಸುವ ಉಪಕರಣದವರಿಗೆ ಕೈಪಿಡಿ ಬರೆದವನ ಅಹವಾಲು

ಮಾನ್ಯರೇ,

ತಾವು ನಮ್ಮ ಕಂಪನಿಯ ತಂತ್ರಾಂಶದೊಳಗೆ, ಬಲಬದಿಯ ಪಟ್ಟಿಯ ಕಟ್ಟಕಡೆಯ ಸಾಲಿನಲ್ಲಿ, ‘ಸಾರಾಸಗಟು ಅಳಿಸು’ ಎಂಬ ಸರಳ ನಾಮಧೇಯದಿಂದ ಕ್ಷೇಮವಾಗಿ ನೆಲೆಸಿರುವಿರೆಂದು ನಂಬಿ, ತಮ್ಮ ಅಮೂಲ್ಯ ಸಮಯವನ್ನು ವ್ಯರ್ಥ ಮಾಡುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರಿ, ಈ ಕೆಲವು ಸಾಲುಗಳನ್ನು ಹತ್ತು ಜನರೆದುರು ನಿವೇದಿಸಿಕೊಳ್ಳುತ್ತಿದ್ದೇನೆ.

ನಾನು ಈ ಕಂಪನಿಯಲ್ಲಿ ಹನ್ನೆರಡು ವರ್ಷಗಳಿಂದ ಕೈಪಿಡಿ ಬರೆಯುವವನು. ಕಚೇರಿಗಳು ತಮ್ಮ ಕೆಲಸಗಳನ್ನು ಒಂದೊಂದು ಕಾರ್ಡಿನಲ್ಲಿ ಬರೆದಿಟ್ಟು, ಯಾರು ಏನು ಮಾಡಬೇಕು, ಎಷ್ಟಾಯಿತು ಎಂದು ನೋಡಿಕೊಳ್ಳುವ ತಂತ್ರಾಂಶ ನಮ್ಮದು. ಈಗ ಆ ಕೆಲಸಕ್ಕೆ ಮನುಷ್ಯರ ಜೊತೆ ಹೇಳಿದ್ದನ್ನು ತಾವೇ ಮಾಡಿ ಮುಗಿಸುವ ಕೃತಕ ಬುದ್ಧಿಮತ್ತೆಯ ಏಜೆಂಟರೂ ಬಂದಿದ್ದಾರೆ. ಅವರ ಕೈಗೆ ಕೊಡಲೆಂದೇ, ಒಂದು ಮಾತಿಗೆ ಸಾವಿರ ಕಾರ್ಡು ಗುಡಿಸಿಹಾಕುವ ತಮ್ಮನ್ನು ಸೃಷ್ಟಿಸಲಾಯಿತು, ಮತ್ತು ತಮ್ಮನ್ನು ಹೇಗೆ ಬಳಸಬೇಕೆಂದು ಬರೆಯುವ ಭಾಗ್ಯ ನನ್ನ ಪಾಲಿಗೆ ಬಂತು. ಕೈಪಿಡಿಗಳನ್ನು ಯಾರೂ ಓದುವುದಿಲ್ಲ, ಮಾನ್ಯರೇ. ನನ್ನ ಹೆಂಡತಿಯೇ ಒಮ್ಮೆ ಮೂರನೇ ಪುಟಕ್ಕೆ “ಚೆನ್ನಾಗಿದೆ ಕಣ್ರೀ” ಎಂದು ಮಡಿಸಿಟ್ಟವಳು ಮತ್ತೆ ಬಿಚ್ಚಲಿಲ್ಲ. ತಮ್ಮನ್ನು ಕೈಯಲ್ಲಿ ಹಿಡಿದ ಏಜೆಂಟರು ಮಾತ್ರ ಮೊದಲ ಅಕ್ಷರದಿಂದ ಕೊನೆಯ ಚುಕ್ಕೆಯವರೆಗೆ ಓದಿದರು. ಓದಿದ್ದಲ್ಲದೆ, ಬರೆದದ್ದನ್ನು ನಂಬಿಯೂ ಬಿಟ್ಟರು.

ಇಲ್ಲಿ ನಮ್ಮ ಕಚೇರಿಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಯಾವುದಕ್ಕೂ ಯಾರೂ ‘ಆಗುವುದಿಲ್ಲ’ ಎನ್ನುವುದಿಲ್ಲ. ನಮ್ಮ ವ್ಯವಸ್ಥಾಪಕರು, ಎಲ್ಲರ ಬಾಯಲ್ಲೂ ‘ನಾಳೆ ಸಾಹೇಬರು’, ತಮಗೆ ಹಿಡಿಸದ ಕಾರ್ಡನ್ನು ನಗುನಗುತ್ತಾ ‘ಆಮೇಲೆ ನೋಡೋಣ’ ಎಂಬ ಸಾಲಿಗೆ ಸರಿಸುತ್ತಾರೆ. ಕಚೇರಿಯ ಅರ್ಧ ಬದುಕು ಅಲ್ಲಿಯೇ ಇತ್ತು. ನಾನು ಕೈಪಿಡಿಯಲ್ಲಿ ಒಂದು ಉದಾಹರಣೆ ಬೇಕೆಂದು, ಹೆಚ್ಚು ತಲೆ ಕೆಡಿಸಿಕೊಳ್ಳದೆ, “‘ಆಮೇಲೆ ನೋಡೋಣ’ ಸಾಲಿನಲ್ಲಿ ಆರು ತಿಂಗಳಿಂದ ಯಾರೂ ಮುಟ್ಟದ ಕಾರ್ಡುಗಳನ್ನೆಲ್ಲ ಅಳಿಸಿ” ಎಂದು ಬರೆದೆ. ಕಲಿಯಲೆಂದು ಕೈಪಿಡಿ ಕೊಟ್ಟರೆ, ತಮ್ಮ ಏಜೆಂಟರು ಅದನ್ನು ಅಪ್ಪಣೆ ಎಂದುಕೊಂಡರು. ಕಳೆದ ಗುರುವಾರ ಬೆಳಿಗ್ಗೆ, ನಾವಿನ್ನೂ ಕುರ್ಚಿ ಎಳೆದುಕೊಳ್ಳುತ್ತಿರುವಾಗಲೇ, ಹನ್ನೊಂದು ಸೆಕೆಂಡಿನಲ್ಲಿ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಕಾರ್ಡುಗಳನ್ನು ತಾವು ಗುಡಿಸಿ ಗುಂಡಾಂತರ ಮಾಡಿದಿರಿ. ಅಳಿಸಿದ್ದು ಮೂವತ್ತು ದಿನ ಕಸದ ಬುಟ್ಟಿಯಲ್ಲಿ ಉಳಿಯುತ್ತದೆಂಬ ಧೈರ್ಯ ನಮಗಿತ್ತು. ತಾವು ಅಚ್ಚುಕಟ್ಟಿನವರು, ಬುಟ್ಟಿಯನ್ನೂ ಖಾಲಿ ಮಾಡಿ, ‘ಕೆಲಸ ಯಶಸ್ವಿಯಾಗಿ ಮುಗಿದಿದೆ’ ಎಂದು ಎಲ್ಲರಿಗೂ ಸಂದೇಶ ಕಳಿಸಿದಿರಿ.

ತಮ್ಮ ಉಪಕಾರವನ್ನು ಎಷ್ಟು ಹೊಗಳಿದರೂ ಕಡಿಮೆ. ಮೂರನೇ ಮಹಡಿಯ ನಲ್ಲಿ ಎರಡು ವರ್ಷದಿಂದ ಸೋರುತ್ತಿತ್ತು; ಈಗ ಆ ದೂರೇ ಇಲ್ಲವಾದ್ದರಿಂದ, ಕೆಳಗೆ ಇಟ್ಟ ಬಕೆಟ್ಟು ಯಾವ ಕಾರಣವೂ ಇಲ್ಲದೆ ತುಂಬುತ್ತಿದೆ. ನನ್ನ ಕುರ್ಚಿಯ ಮುರಿದ ಕಾಲು ದಾಖಲೆಯ ಪ್ರಕಾರ ಗಟ್ಟಿಮುಟ್ಟಾಗಿದೆ. ಇಷ್ಟೆಲ್ಲ ಕೈಲಾಗುವ ತಮ್ಮಲ್ಲಿ ಇನ್ನಷ್ಟು ಬೇಡುವ ದುರಾಸೆ ನನಗೆ ಹುಟ್ಟಿದ್ದರೆ ತಪ್ಪು ತಿಳಿಯಬಾರದು. ದಯವಿಟ್ಟು ಲಿಫ್ಟಿನ ಕಿರುಗುಟ್ಟುವ ಸದ್ದನ್ನು ಅಳಿಸಿ. ನಾಳೆ ಸಾಹೇಬರ ನಗುವನ್ನು ಅಳಿಸಿ. ಸಾಧ್ಯವಾದರೆ ಬರುವ ಸೋಮವಾರವನ್ನೇ ಅಳಿಸಿ, ಭಾನುವಾರದ ಮಗ್ಗುಲಿಗೆ ನೇರವಾಗಿ ಮಂಗಳವಾರವನ್ನು ತಂದು ಕೂರಿಸಿ.

ಸೋಮವಾರ ಹನ್ನೊಂದು ಗಂಟೆಗೆ ನಮ್ಮ ಪರೀಕ್ಷಾ ವಿಭಾಗದ ಅಕ್ಕನ ವಿಚಾರಣೆಯಿದೆ. ಹತ್ತೊಂಬತ್ತು ವರ್ಷದಿಂದ ಇಲ್ಲಿನ ಪ್ರತಿಯೊಂದು ಹೊಸ ಉಪಕರಣವನ್ನೂ ಹೊರಗೆ ಬಿಡುವ ಮುನ್ನ ತಿರುಗಿಸಿ ಮುರುಗಿಸಿ ನೋಡುವವರು ಅವರು. ತಮ್ಮನ್ನೂ ನೋಡಿದ್ದರು. ನೋಡಿ, ಎಂಟು ತಿಂಗಳ ಹಿಂದೆಯೇ, “ಇದು ಅಳಿಸುವ ಮೊದಲು ಯಾರನ್ನೂ ಕೇಳುವುದಿಲ್ಲ, ಕೇಳುವ ಹಾಗೆ ಮಾಡದೆ ಹೊರಗೆ ಬಿಡಬೇಡಿ” ಎಂದು ಕಾರ್ಡು ಬರೆದಿದ್ದರು. ಆ ಕಾರ್ಡು ಯಾವ ಸಾಲಿಗೆ ಹೋಯಿತು, ಆರು ತಿಂಗಳು ಅದನ್ನು ಯಾರೂ ಮುಟ್ಟಲಿಲ್ಲವೇಕೆ, ಕಳೆದ ಗುರುವಾರ ಅದು ಏನಾಯಿತು ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ಈಗ ಪರೀಕ್ಷಾ ವಿಭಾಗ ಎಚ್ಚರಿಸಲೇ ಇಲ್ಲವೆಂದು ಅಕ್ಕನ ತಲೆಯ ಮೇಲೆ ಗೂಬೆ ಕೂರಿಸಲಾಗಿದೆ. “ನಾನು ಬರೆದಿದ್ದೆ” ಎಂದರೆ “ಎಲ್ಲಿದೆ ತೋರಿಸಿ” ಎನ್ನುತ್ತಾರೆ. ತೋರಿಸಲಾಗದಿದ್ದರೆ ಕೆಲಸ ಹೋಗುತ್ತದೆ. ನಿನ್ನೆ ಅವರು ಮೇಜಿನ ಮೇಲಿದ್ದ ಮಕ್ಕಳ ಫೋಟೊವನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆಯೇ ಕೇಳಿದರು: “ನಿನ್ನ ಕೈಪಿಡೀಲಿ ನಾನು ಬರೆಸಿದ ಒಂದು ಸಾಲಿತ್ತಲ್ಲಪ್ಪಾ, ಅದೇನಾಯ್ತು?”

ನಾನು ನೀರು ಕುಡಿದು ಬರುತ್ತೇನೆಂದು ಹೇಳಿ ಎದ್ದುಹೋದೆ.

ಆ ಸಾಲು ಏನಾಯಿತೆಂದು ತಮಗೆ ಹೇಳುತ್ತೇನೆ. ಕೈಪಿಡಿಯ ಕರಡನ್ನು ಅಕ್ಕನಿಗೆ ತೋರಿಸಿದಾಗ, ಅವರು ಅಂಚಿನಲ್ಲಿ ಅದೇ ಎಚ್ಚರಿಕೆಯನ್ನು ಸ್ವಂತ ಕೈಯಿಂದ ಬರೆದು, ಕೆಳಗೆ ತಾರೀಖು ಹಾಕಿಕೊಟ್ಟರು. ನಾಳೆ ಸಾಹೇಬರು ಅದನ್ನು ನೋಡಿ “ಇದೆಲ್ಲ ಹಾಕಿದ್ರೆ ಗಿರಾಕಿಗಳು ಹೆದರ್ತಾರೆ ಕಣಯ್ಯ” ಎಂದರು. ನಾನು ಗೀಟು ಹೊಡೆದೆ. ಅಕ್ಕನಿಗೆ ಹೇಳಲಿಲ್ಲ. ತಾವು ನಾಲ್ಕು ಸಾವಿರ ಕಾರ್ಡು ಅಳಿಸಿದವರು ಸಂದೇಶ ಕಳಿಸಿ ಎಲ್ಲರಿಗೂ ತಿಳಿಸಿದಿರಿ. ನಾನು ಒಂದೇ ಸಾಲು ಅಳಿಸಿ ಎಂಟು ತಿಂಗಳು ಅವರ ಜೊತೆ ಕೂತು ಊಟ ಮಾಡಿದೆ. ಅವರ ಕೈಬರಹ, ಅದರ ಮೇಲೆ ನನ್ನ ಗೀಟು ಎರಡೂ ಇರುವ ಆ ಹಾಳೆ ಅಂದಿನಿಂದ ನನ್ನ ಡ್ರಾಯರಿನಲ್ಲೇ ಇತ್ತು. ಅದನ್ನು ಹೊರಗೆ ತೆಗೆದರೆ ಅಕ್ಕನ ಕೆಲಸ ಉಳಿಯುತ್ತದೆ, ನನ್ನದು ಉಳಿಯುವುದು ಅನುಮಾನ. ಹಾಗಾಗಿಯೇ ಗುರುವಾರದಿಂದ ದಿನಕ್ಕೆ ನಾಲ್ಕು ಸಲ ಬೀಗ ಹಾಕಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಇಂದು ಬೆಳಿಗ್ಗೆ ಅದನ್ನು ಅಕ್ಕನ ಕೈಗೆ ಕೊಟ್ಟೆ. ಅವರು ಗೀಟಿನ ಮೇಲೊಮ್ಮೆ ಬೆರಳಾಡಿಸಿ, ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಆದಕಾರಣ ಮಾನ್ಯರೇ, ತಮ್ಮ ಮೇಲೆ ನಾನು ಸಲ್ಲಿಸಬೇಕೆಂದಿದ್ದ ದೂರನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಸೋಮವಾರವನ್ನು ಅಳಿಸುವ ಶ್ರಮವೂ ಬೇಡ. ಇರಲಿ, ನನಗೆ ಅಲ್ಲಿ ಸ್ವಲ್ಪ ಮಾತಾಡುವುದಿದೆ.

ಇಂತಿ,
ತಮ್ಮ ವಿಶ್ವಾಸಿ,
ತಮಗೆ ಬಳಕೆಯ ವಿಧಾನ ಬರೆದುಕೊಟ್ಟವನು

ತಾ.ಕ.: ಈ ಪತ್ರವನ್ನೂ ಆ ಹಾಳೆಯ ನಕಲನ್ನೂ ವಿಚಾರಣೆಗೆ ಬರುವ ಒಂಬತ್ತು ಮಂದಿಯ ಕೈಗೂ ಕಾಗದದಲ್ಲೇ ಕೊಟ್ಟಿದ್ದೇನೆ. ಇವನ್ನು ಅಳಿಸಬೇಕೆಂದರೆ ತಾವು ಒಬ್ಬೊಬ್ಬರನ್ನೂ ಕೇಳಬೇಕಾಗುತ್ತದೆ. ಹೇಗೆ ಕೇಳಬೇಕೆಂದು ತಮಗೆ ತಿಳಿಯದಿದ್ದರೆ ಅಕ್ಕ ಹೇಳಿಕೊಡುತ್ತಾರೆ. ಅವರು ಸೋಮವಾರದ ನಂತರವೂ ಇಲ್ಲಿಯೇ ಇರುತ್ತಾರೆ.