ಮಡಚುವ ಗಾಡಿಯ ನಾಲ್ಕಿಂಚು

ಈ ಸಂಗತಿಯನ್ನು ಬರೆಯಬೇಕೆಂದು ಕೂತು ಎದ್ದು, ಕೂತು ಎದ್ದು ಮೂರು ಮಳೆಗಾಲ ಕಳೆದವು. ಪ್ರತಿ ಸಲವೂ ಒಂದು ಕಾರಣ ಸಿಕ್ಕಿತು. ಮೊದಲು ಕನ್ನಡಕದ ನಂಬರು ಬದಲಾಗಲಿ ಅಂದುಕೊಂಡೆ, ಬದಲಾಯಿತು. ಆಮೇಲೆ ಮೆಣಸು ಕೊಯ್ದು ಮುಗಿಯಲಿ ಅಂದುಕೊಂಡೆ. ನಮ್ಮ ಹಿತ್ತಲಲ್ಲಿ ಇರುವುದೇ ಏಳು ಬಳ್ಳಿ, ಒಂದು ಬೆಳಿಗ್ಗೆಗೆ ಮುಗಿಯಿತು. ತಪ್ಪು ಮಾಡುವುದಕ್ಕೆ ಮನುಷ್ಯನಿಗೆ ಅರ್ಧ ನಿಮಿಷ ಸಾಕು, ಅದನ್ನು ಒಪ್ಪಿಕೊಳ್ಳುವುದಕ್ಕೆ ಮಾತ್ರ ಒಳ್ಳೆಯ ದಿನ, ಒಳ್ಳೆಯ ಪೆನ್ನು, ಒಳ್ಳೆಯ ಹವೆ ಎಲ್ಲವೂ ಬೇಕು. ಇವತ್ತು ಪೆನ್ನು ಸೋರುತ್ತಿದೆ, ಹೊರಗೆ ಸೆಕೆ. ಆದರೂ ಬರೆದೇ ಏಳುವುದು ಎಂದು ತೀರ್ಮಾನ ಮಾಡಿ ಕೂತಿದ್ದೇನೆ.

ನಾನು ಆಲ್ದೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ರೈಟರ್ ಎಂದರೆ ಕತೆ ಬರೆಯುವವನಲ್ಲ. ಇವತ್ತು ಯಾರು ಕೆಲಸಕ್ಕೆ ಬಂದರು, ಯಾರು ಎಷ್ಟು ಹಣ್ಣು ಕೊಯ್ದರು ಎಂದು ಬರೆಯುವವನು. ಎಸ್ಸೆಸ್ಸೆಲ್ಸಿ ಪಾಸಾದ ಮರುವರ್ಷ ಸೇರಿ, ಮಂಡಿ ನೋವು ಜೋರಾದ ವರ್ಷ ಬಿಟ್ಟೆ. ಎಸ್ಟೇಟಿನಲ್ಲಿ ಒಂದು ಪದ್ಧತಿ. ರೈಟರ ಪುಸ್ತಕದಲ್ಲಿ ಬಂದದ್ದೇ ಕೊನೆಯ ಮಾತು. ಅದನ್ನು ಸರಿಯಿಲ್ಲ ಎನ್ನುವವರು ಕೂಲಿಯವರ ಲೈನಿನಲ್ಲಿ ಯಾರೂ ಇರಲಿಲ್ಲ, ಮೇಸ್ತ್ರಿಯೂ ಎನ್ನುತ್ತಿರಲಿಲ್ಲ. ಅಷ್ಟು ವರ್ಷ ಯಾರೂ ತಪ್ಪು ತೋರಿಸದಿದ್ದರೆ, ತಾನು ತಪ್ಪೇ ಮಾಡುವವನಲ್ಲ ಎನ್ನುವ ಒಂದು ಕಾಯಿಲೆ ಮನುಷ್ಯನಿಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಮದ್ದು ನಮ್ಮ ಮನೆಯಲ್ಲೇ ಇತ್ತು. ಹೆಸರು ಲಲಿತ, ನನ್ನ ಹೆಂಡತಿ. ಆದರೆ ನಾನು ಹೊತ್ತು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಲಿಲ್ಲ.

ನಾನು ಕೆಲಸ ಬಿಡುವಾಗ ಎಸ್ಟೇಟಿನ ಸಾಹುಕಾರರು ಶಾಲು ಹೊದಿಸಿದ್ದಲ್ಲದೆ, ಡ್ರೈಯಿಂಗ್ ಯಾರ್ಡಿನ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಒಂದು ಗಾಡಿಯನ್ನೂ ಕೊಟ್ಟರು. ಎರಡು ಚಕ್ರದ ಟ್ರೇಲರ್ ಅದು, ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವಂಥದ್ದು. ಮಡಚಿದಾಗ ಸೊಂಟದೆತ್ತರದ ಪೆಟ್ಟಿಗೆ. ಮೇಲಿನ ಮುಚ್ಚಳ ಎತ್ತಿದರೆ ಕ್ಯಾನ್ವಾಸ್ ಗೋಡೆ ಏಳುತ್ತದೆ, ಎರಡು ಕಡೆಗೂ ಮಂಚದ ಹಲಗೆ ಡ್ರಾಯರಿನಂತೆ ಹೊರಗೆ ಬರುತ್ತದೆ, ನಡುವೆ ಇಬ್ಬರು ನಿಲ್ಲುವಷ್ಟು ಜಾಗ. ಸಾಹುಕಾರರು ಎರಡು ಸಲ ಬಳಸಿ, ಬೆನ್ನು ಹಿಡಿದುಕೊಂಡು ವಾಪಸ್ ಬಂದಿದ್ದರು. ನನಗೋ ಕೆಲಸದ ದಿನಗಳಲ್ಲಿ ಭಾನುವಾರದ ಸಂತೆ ಬಿಟ್ಟರೆ ಬೇರೆ ಊರು ಗೊತ್ತಿರಲಿಲ್ಲ. ಕಳಸ, ಸಂಸೆ, ಕುದುರೆಮುಖದ ಕಡೆ ಈ ಗಾಡಿ ಎಳೆದುಕೊಂಡು ಹೋಗಿ, ಹಳ್ಳದ ಪಕ್ಕ ನಿಲ್ಲಿಸಿ, ಕಾಫಿ ಕುಡಿಯಬೇಕು ಎಂದು ಹಟ ಹುಟ್ಟಿತು. ಜೀವನವಿಡೀ ಕಾಫಿಯ ನಡುವೆಯೇ ಕಾಫಿ ಕುಡಿದವನಿಗೆ ಇದೇನು ಹೊಸ ಸುಖ ಎಂದು ಲಲಿತ ಕೇಳಿದಳು. ನಾನು ನಮ್ಮ ಹಳೇ ಜೀಪಿನ ಟೈರಿಗೆ ಗಾಳಿ ಹಾಕಿಸಿ ಬಂದೆ. ಹಟ ಇತ್ತು.

ಒಳಗೆ ಸಾಮಾನು ಇಡಲು ಒಂದು ಗೂಡೂ ಇರಲಿಲ್ಲ. ಫೋನಿನಲ್ಲಿ ವಿಡಿಯೋ ನೋಡತೊಡಗಿದೆ. ಬಿಳಿಯರು ಇಂಥದೇ ಗಾಡಿಯಲ್ಲಿ ಬೆಂಚಿನ ಕೆಳಗೆ ಪೆಟ್ಟಿಗೆ, ಗೋಡೆಗೆ ಜೇಬಿನ ಬಟ್ಟೆ, ಕೀಲು ಹಾಕಿದ ಮಡಚುವ ಮೇಜು, ಸಿಂಕಿನ ಕೆಳಗೆ ನೀರಿನ ಕ್ಯಾನು, ಏನೇನೋ ಮಾಡಿಕೊಂಡಿರುತ್ತಾರೆ. ಅವರ ಸಾಮಾನು ನೋಡಿದರೆ ಎರಡು ಲೋಟ, ಒಂದು ಬಾಣಲೆ. ನಮ್ಮ ಲಲಿತ ಎರಡು ದಿನದ ಪ್ರಯಾಣಕ್ಕೆ ಹೇಳಿದ ಪಟ್ಟಿಯಲ್ಲಿ ಕಡುಬಿನ ಪಾತ್ರೆ, ಮೂರು ಭರಣಿ ಉಪ್ಪಿನಕಾಯಿ, ತರಕಾರಿ ಹೆಚ್ಚುವ ಒಂದು ಮೆಟ್ಟುಕತ್ತಿ, ಶ್ಯಾವಿಗೆ ಒರಳು ಇದ್ದವು.

“ಒರಳು ಎಂತಕ್ಕೆ? ಅದೊಂದೇ ಹದಿನೈದು ಕೆಜಿ ಇದೆ.”

“ದಾರೀಲಿ ಯಾರಾದ್ರೂ ನೆಂಟರು ಸಿಕ್ಕಿದ್ರೆ?”

ಕಾಡಿನ ನಡುವೆ ಸಿಗಬಹುದಾದ ಆ ನೆಂಟರಿಗಾಗಿ ಬಾಗಿಲ ಪಕ್ಕ ಒಂದು ಗೂಡು ನಿಗದಿಯಾಯಿತು. ಕಾಫಿ ಮೂಟೆಯ ಗೋಣಿಯಲ್ಲಿ ಹನ್ನೆರಡು ಜೇಬು ಹೊಲಿದು ಕ್ಯಾನ್ವಾಸಿಗೆ ತೂಗುಹಾಕುವ ಉಪಾಯ ಮಾತ್ರ ನನ್ನದೇ. ಅದು ಈಗಲೂ ಚೆನ್ನಾಗಿದೆ, ತಲೆ ತುರಿಸುತ್ತದೆ ಅಷ್ಟೆ.

ಮರಗೆಲಸಕ್ಕೆ ನಮ್ಮೂರಿನ ಆಚಾರ್ರನ್ನು ಕರೆದೆ. ಎಸ್ಟೇಟಿನ ಬಾಗಿಲು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಮನೆಯ ತೊಲೆ, ಸಾಹುಕಾರರ ಮೊಮ್ಮಗಳ ತೊಟ್ಟಿಲು ಎಲ್ಲ ಅವರ ಕೈಯದೇ. ಮಾತು ಕಡಿಮೆ. ಟೇಪು ಇದ್ದರೂ ಒಂದು ಬಿದಿರು ಕಡ್ಡಿ ಹಿಡಿದು ಗುರುತು ಹಾಕಿಕೊಳ್ಳುವುದು ಅವರ ರೂಢಿ. “ನಂಬರು ಮರ್ತ್ಹೋಗುತ್ತೆ ರೈಟ್ರೇ, ಕಡ್ಡಿ ಮರೆಯಲ್ಲ” ಎನ್ನುತ್ತಿದ್ದರು. ಅವರು ಬರುವ ಹೊತ್ತಿಗೆ ನಾನು ಅಳತೆ ತೆಗೆದು ಪುಸ್ತಕದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ಇಟ್ಟಿದ್ದೆ. ಪೆಟ್ಟಿಗೆ, ಬೆಂಚು, ಬೀರು, ಎಲ್ಲದರ ಎತ್ತರ ಇಷ್ಟೇ ಎಂದು. ಹಲಗೆಗಳು ಒಳಗೆ ಸರಿದಾಗ ಇವುಗಳ ಮೇಲೇ ಕೂರುತ್ತವೆ, ಎತ್ತರ ಸರಿಯಿದ್ದರೆ ಮಾತ್ರ ಮುಚ್ಚಳ ಮುಚ್ಚುತ್ತದೆ.

ಆಚಾರ್ರು ಪುಸ್ತಕ ನೋಡಿದರು, ಗಾಡಿ ನೋಡಿದರು. “ಹಾಸಿಗೆ ಲೆಕ್ಕ ಹಿಡಿದಿದೀರಾ?”

“ಎಲ್ಲ ಹಿಡಿದಿದೀನಿ.”

“ಹಾಗಲ್ಲ, ಒಂದ್ಸಲ ಹಾಸಿಗೆ ಹಾಕಿ ಮುಚ್ಚಿ, ಕಡ್ಡಿ ಇಟ್ಟು ನೋಡಣ. ಆಮೇಲೆ ಕೊಯ್ತೀನಿ.”

“ಎಂತ ಮಾರಾಯ್ರೆ, ಬಿಚ್ಚಿ ಮುಚ್ಚೋಕೆ ಅರ್ಧ ದಿನ ಬೇಕು. ಬರೆದಿದೀನಲ್ಲ.”

ಅವರು ಕಡ್ಡಿಯನ್ನು ಚೀಲಕ್ಕೆ ಹಾಕಿಕೊಂಡರು. ಎಸ್ಟೇಟಿನ ಸಿಲ್ವರ್ ಓಕಿನಲ್ಲಿ, ಹಗುರವಾಗಿರಲಿ ಎಂದು, ಹನ್ನೊಂದು ದಿನ ಕೆಲಸ ಮಾಡಿದರು. ಘಾಟಿಯ ತಿರುವಿನಲ್ಲಿ ಡ್ರಾಯರು ಹೊರಗೆ ಹಾರದಂತೆ ಪ್ರತಿಯೊಂದಕ್ಕೂ ಮರದ ತಿರುಗು ಚಿಲಕ ಕೂರಿಸಿದರು. ಭರಣಿ ಅಲ್ಲಾಡದಂತೆ ಭರಣಿಯದೇ ಸುತ್ತಳತೆಯ ಗುಂಡಿ ಕೊರೆದರು. ಬಿಳಿಯರ ಯಾವ ವಿಡಿಯೋದಲ್ಲೂ ನಾನು ಅಂಥದ್ದು ನೋಡಿಲ್ಲ.

ನಾನು ಅಳತೆ ತೆಗೆದ ದಿನ ಹಲಗೆಯ ಮೇಲೆ ಹಾಸಿಗೆ ಇರಲಿಲ್ಲ. ಹಳೆಯ ಫೋಮಿನ ಹಾಸಿಗೆ ನಾತ ಹೊಡೆಯುತ್ತದೆಂದು ಲಲಿತ ಎಸೆದು, ಬೂರುಗದ ಹತ್ತಿಯ ಹಾಸಿಗೆ ಮಾಡಿಸಿ, ಬಿಸಿಲಿಗೆ ಹಾಕಿದ್ದಳು. ಬೂರುಗದ ಹತ್ತಿ ಬಿಸಿಲು ಕುಡಿದರೆ ಹೇಗೆ ಉಬ್ಬುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹೇಳಬೇಕಾಗಿದ್ದದ್ದು ನನಗೊಬ್ಬನಿಗೆ, ಆಚಾರ್ರು ಹೇಳಿಯೂ ಇದ್ದರು.

ಮುಚ್ಚುವ ದಿನ ಸಾಹುಕಾರರೂ ನೋಡಲು ಬಂದರು. ಅವರು ಆಗ ಹೋಂಸ್ಟೇ ಕಟ್ಟಿಸುವ ಸನ್ನಾಹದಲ್ಲಿದ್ದರು. ಬಾಗಿಲು, ಕಿಟಕಿ, ಮಂಚ, ಎಲ್ಲ ಕೆಲಸವೂ ಆಚಾರ್ರಿಗೇ ಎಂದು ಬಾಯಿಮಾತಿನಲ್ಲಿ ಆಗಿತ್ತು. ಎರಡು ವರ್ಷದ ಕೆಲಸ. ಅದನ್ನು ನಂಬಿಕೊಂಡು ಆಚಾರ್ರು ತಮ್ಮ ಕೊಟ್ಟಿಗೆಯನ್ನು ಖಾಲಿ ಮಾಡಿ ಕೆಲಸದ ಶೆಡ್ಡು ಮಾಡಿಕೊಂಡಿದ್ದರು. ನಾವು ಹಲಗೆ ಒಳಗೆ ಎಳೆದೆವು, ಮುಚ್ಚಳ ಇಳಿಸಿದೆವು. ಅದು ಅರ್ಧ ದಾರಿಯಲ್ಲಿ ಹಾಸಿಗೆಯ ಮೇಲೆ ಕೂತು ನಿಂತಿತು. ನಾನು ಮೇಲೆ ಹತ್ತಿ ಕೂತೆ. ನಾಲ್ಕಿಂಚು ಬಾಕಿ.

“ಏನ್ ರೈಟ್ರೇ, ನಿಮ್ ಗಾಡಿ ಆಕಳಿಸ್ತಾ ಇದೆಯಲ್ಲ” ಎಂದರು ಸಾಹುಕಾರರು.

ಮುಚ್ಚಳದ ಮೇಲೆ ಕೂತೇ ನಾನು ಹೇಳಿದೆ: “ಆಚಾರ್ರ ಅಳತೆ ಒಂಚೂರು ತಪ್ಪಿದ ಹಾಗೆ ಕಾಣುತ್ತೆ.”

ಆಚಾರ್ರು ಹಾಸಿಗೆ ನೋಡಿದರು. ನನ್ನನ್ನು ನೋಡಿದರು. ಪುಸ್ತಕ ನನ್ನ ಜೇಬಿನಲ್ಲೇ ಇತ್ತು. ತೆಗೆದು ತೋರಿಸಿ ಎಂದಿದ್ದರೆ ಮುಗಿಯುತ್ತಿತ್ತು. ರೈಟರಿಗೆ ಹಾಗೆ ಯಾರೂ ಹೇಳುವುದಿಲ್ಲ. “ಸರಿ ಮಾಡ್ಕೊಡ್ತೀನಿ” ಎಂದಷ್ಟೇ ಅಂದರು. ಮಾಡಿದ್ದನ್ನೆಲ್ಲ ಬಿಚ್ಚಿ, ಒಂದೊಂದರಿಂದ ನಾಲ್ಕಿಂಚು ಕೊಯ್ದು, ಮತ್ತೆ ಕೂರಿಸಿದರು. ಈಗ ಮುಚ್ಚಳ ಬೆಣ್ಣೆಯ ಹಾಗೆ ಇಳಿಯುತ್ತದೆ.

ಹೋಂಸ್ಟೇ ಕೆಲಸ ಚಿಕ್ಕಮಗಳೂರಿನ ಯಾರಿಗೋ ಹೋಯಿತು. “ನಾಲ್ಕಿಂಚು ತಪ್ಪೋರಿಗೆ ನಲವತ್ತು ಬಾಗ್ಲು ಹೆಂಗ್ ಕೊಡೋದು ರೈಟ್ರೇ?” ಎಂದು ಸಾಹುಕಾರರು ನನ್ನನ್ನೇ ಕೇಳಿದರು. ನಾನು ಅವರ ಜಗಲಿಯಲ್ಲಿ ಕೂತು ಅವರ ಕಾಫಿ ಕುಡಿಯುತ್ತ “ಅದೂ ಹೌದು” ಎಂದೆ. ಆಚಾರ್ರು ಹೊಸ ಶೆಡ್ಡಿಗೆ ಬೀಗ ಹಾಕಿ, ಈಗ ಪೇಟೆಯ ರೆಡಿಮೇಡ್ ಬಾಗಿಲ ಅಂಗಡಿಯಲ್ಲಿ ಪ್ಲೈವುಡ್ ಅಂಟಿಸುತ್ತಾರೆ.

ಸಂಸೆಯ ಹತ್ತಿರ ಹಳ್ಳದ ಪಕ್ಕ ಮೊದಲ ಸಲ ಗಾಡಿ ಬಿಚ್ಚಿದ ದಿನ, ಲಲಿತ ಚಿಲಕ ತಿರುಗಿಸಿ ಭರಣಿ ತೆಗೆಯುತ್ತ, “ರೀ, ಹಾಸಿಗೆ ಬಿಸಿಲಲ್ಲಿತ್ತು ಅಲ್ವಾ ನೀವು ಅಳೆದಾಗ?” ಎಂದಳು. ನಾನು ಒಪ್ಪಿಕೊಂಡೆ. ಅವಳು ಕೂಗಾಡಲಿಲ್ಲ. “ಹೋಗಿ ಹೇಳಿ ಬನ್ನಿ” ಎಂದಳು. ನಾನು ಹೋದೆ. ಆ ಅಂಗಡಿಯಲ್ಲಿ ಆಚಾರ್ರು ಕೈ ಒರೆಸಿಕೊಂಡು ಎದ್ದು ನಿಂತು, “ಗಾಡಿ ಹೇಗಿದೆ ರೈಟ್ರೇ? ಡ್ರಾಯರು ಬಿಗಿಯಾದ್ರೆ ಮೇಣದ ಬತ್ತಿ ಉಜ್ಜಿ” ಎಂದರು. “ಕೀಲು ಬೇಕಿತ್ತು” ಎಂದೆ. ಎರಡು ಕೀಲು ಕೊಂಡು ಬಂದೆ. ಮತ್ತೆ ಹೋದೆ, ಮತ್ತೆ ಎರಡು ಕೀಲು. ಹೀಗೆ ನಮ್ಮ ಮನೆಯಲ್ಲಿ ಹದಿನಾಲ್ಕು ಕೀಲು ಸೇರಿವೆ. “ಇನ್ನೊಂದ್ಸಲ ಹೋದ್ರೆ ಬಾಗ್ಲೂ ತಂದ್ಬಿಡಿ, ಹಾಕಿಸೋಣ” ಎನ್ನುತ್ತಾಳೆ ಲಲಿತ.

ಕಳೆದ ವಾರ ಸಾಹುಕಾರರು ಇನ್ನೂ ನಾಲ್ಕು ಕಾಟೇಜು ಕಟ್ಟಿಸುತ್ತಾರೆಂದು ತಿಳಿದು, ಹೋಗಿ ಎಲ್ಲ ಹೇಳಿಬಿಟ್ಟೆ. ಅವರು ನಕ್ಕು, “ಮೊದ್ಲೇ ಹೇಳ್ಬಾರ್ದಿತ್ತೇನ್ರೀ, ಅವ್ರನ್ನೇ ಕರೆಸ್ತೀನಿ” ಎಂದರು. ನಾನು ದೊಡ್ಡ ಮನುಷ್ಯನಂತೆ ಮನೆಗೆ ಬಂದೆ. ಲಲಿತ ಕೇಳಿದಳು, “ಆಚಾರ್ರಿಗೆ?” ಆಗ ಗೊತ್ತಾಯಿತು, ಸಾಹುಕಾರರ ಮುಂದೆ ತಲೆ ತಗ್ಗಿಸುವುದು ನನಗೆ ಜೀವಮಾನದ ಅಭ್ಯಾಸ, ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಆಚಾರ್ರ ಮುಂದೆ ತಗ್ಗಿಸಿ ಅಭ್ಯಾಸವಿಲ್ಲ. ಅದಕ್ಕೇ ಕುತ್ತಿಗೆ ಬಗ್ಗುತ್ತಿಲ್ಲ.

ಈ ಬರಹವನ್ನು ಅವರ ಕೈಗೆ ಕೊಟ್ಟು ಬಸ್ಸು ಹತ್ತಿಬಿಡೋಣ ಎಂದುಕೊಂಡಿದ್ದೆ. “ಓದಿ ಮುಗಿಸೋವರ್ಗೂ ಎದುರಿಗೆ ನಿಂತಿರ್ಬೇಕು” ಎಂದು ಲಲಿತ ತಾಕೀತು ಮಾಡಿದ್ದಾಳೆ. ಅವರು ಅಕ್ಷರ ಕೂಡಿಸಿಕೊಂಡು ನಿಧಾನ ಓದುವವರು, ನನ್ನದು ಮಂಡಿ ನೋವು. ಆದರೂ ನಿಲ್ಲುತ್ತೇನೆ. ಇಷ್ಟುದ್ದ ಬರೆದೂ ಅವರನ್ನು ಆಚಾರ್ರು, ಆಚಾರ್ರು ಎಂದೇ ಕರೆದು ಜಾರಿಕೊಂಡಿದ್ದೇನೆ. ಅಳತೆ ತಪ್ಪಿದವನು ನಾನು. ತಪ್ಪದೆ ಇದ್ದವರು ಆಲ್ದೂರಿನ ಮಂಜುನಾಥಾಚಾರ್ರು.