ಎಂಟೂವರೆಯ ಹಸು

ಕೆ.ಆರ್. ಪುರದ ಹತ್ತಿರ ಹಳೇ ಮದ್ರಾಸ್ ರಸ್ತೆಯನ್ನು ದಿನಕ್ಕೆರಡು ಸಲ ದಾಟುವವನಿಗೆ ನಗು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಜೀವ ಉಳಿದರೆ ಸಾಕು, ವಾರಕ್ಕೊಂದು ಪ್ರಸಂಗ ತಾನಾಗಿ ಸಿಗುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿವಾಜಿನಗರದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ನಮ್ಮ ಮನೆ ರಸ್ತೆಯ ಈ ಕಡೆ, ಶಿವಾಜಿನಗರದ ಬಸ್ಸು ನಿಲ್ಲುವುದು ಆ ಕಡೆ. ನಡುವೆ ಬಸ್ಸು, ಲಾರಿ, ಟೆಂಪೋಗಳ ಬಿಡುವಿಲ್ಲದ ಓಟ.

ಮಗಳು ಆಗಷ್ಟೇ ಆರನೇ ಕ್ಲಾಸಿಗೆ ಬಂದಿದ್ದಳು. ಏಳು ಮುಗಿದ ಮೇಲೆ ಹೋಗಬೇಕಾದ ಹೈಸ್ಕೂಲು ಆ ಕಡೆ. ನನ್ನ ಹೆಂಡತಿಯದು ಒಂದೇ ಹಟ. "ಸಿಗ್ನಲ್ ಬಂದ್ರೆ ಹೋಗ್ಲಿ. ಇಲ್ಲಾಂದ್ರೆ ಬಾಣಸವಾಡೀಲಿ ನಮ್ಮಮ್ಮನ ಮನೇಲಿದ್ಕೊಂಡು ಓದ್ಲಿ," ಎಂದಳು. ಇರುವ ಒಬ್ಬ ಮಗಳನ್ನು ಬಿಟ್ಟಿರುವುದು ನನ್ನಿಂದಾಗದ ಮಾತು. ಅದನ್ನು ಬಾಯಿಬಿಟ್ಟು ಹೇಳಲಾರದೆ ಬಡಾವಣೆಯವರು ಕಟ್ಟಿದ ರಸ್ತೆ ಸುರಕ್ಷತಾ ಸಮಿತಿಗೆ ಸೇರಿಕೊಂಡೆ. ಟೈಪಿಂಗ್ ಬರುತ್ತದೆ ಎಂಬ ತಪ್ಪಿಗೆ ಕಾರ್ಯದರ್ಶಿಯನ್ನಾಗಿ ಮಾಡಿದರು.

ಬಹುಮತ

ಮೊದಲ ಸಭೆ ಭಾನುವಾರ ಬೆಳಿಗ್ಗೆ ನಮ್ಮ ಕಡೆಯ ಅರಳಿಕಟ್ಟೆಯ ಮೇಲೆ. ಸಮಿತಿಯ ಅರ್ಧ ಜನ ಆ ಕಡೆಯವರು. ಹತ್ತು ಗಂಟೆಗೆಂದು ಕರೆದಿದ್ದೆವು. ಹತ್ತೂಮುಕ್ಕಾಲಾದರೂ ಅವರ ಸುಳಿವಿಲ್ಲ. ಎದ್ದು ನೋಡಿದರೆ ಆರೂ ಮಂದಿ ಆಚೆ ಅಂಚಿನಲ್ಲಿ ಸಾಲಾಗಿ ನಿಂತಿದ್ದಾರೆ, ದಾಟಲಾಗಿಲ್ಲ.

ಇತ್ತ ಚರ್ಚೆ ಕಾವೇರಿತ್ತು. ಸಮಿತಿಯ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು, ಅವರಿಗೆ ರಸ್ತೆಯುಬ್ಬು ಬೇಕು. ಹಲಸೂರಿನಿಂದ ಬಂದು ನೆಲೆಸಿದ್ದ ನಿವೃತ್ತ ಸುಬೇದಾರರಿಗೆ ಬಿಳಿ ಪಟ್ಟೆ ಬೇಕು. ದಿನಸಿ ಅಂಗಡಿಯವರಿಗೆ ಎರಡೂ ಬೇಡ. ಯಾಕೆಂದು ಕೇಳಿದ್ದಕ್ಕೆ, ದಾಟುವುದು ಸುಲಭವಾದರೆ ಗಿರಾಕಿಗಳೆಲ್ಲ ಎದುರಿನ ಅಂಗಡಿಗೆ ಹೋಗುತ್ತಾರಲ್ಲ ಎಂದರು. ಪಾಪ, ಅವರೊಬ್ಬರೇ ನಿಜ ಹೇಳಿದ್ದು.

ಕೊನೆಗೆ ಅಧ್ಯಕ್ಷರು ರಸ್ತೆಯುಬ್ಬಿನ ಠರಾವನ್ನು ಮತಕ್ಕೆ ಹಾಕಿದರು. ಒಪ್ಪುವವರು ಕೈ ಎತ್ತಿ ಎಂದಾಗ ನಮ್ಮಲ್ಲಿ ಮೂರೇ ಕೈ. ಅಷ್ಟರಲ್ಲಿ ಆಚೆ ಕಡೆಯ ಆರೂ ಜನ, ಬರುತ್ತಿದ್ದ ಲಾರಿಯೊಂದನ್ನು ನಿಲ್ಲಿಸಲು ಎರಡೆರಡು ಕೈ ಎತ್ತಿದರು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಅವರನ್ನೂ ಲೆಕ್ಕಕ್ಕೆ ಹಿಡಿದರು. ಠರಾವು ಭಾರಿ ಬಹುಮತದಿಂದ ಪಾಸಾಯಿತು. ಲಾರಿ ಮಾತ್ರ ನಿಲ್ಲಲಿಲ್ಲ.

ಉಬ್ಬಿಗೆ ಪೂಜೆ

ಅರ್ಜಿ ಮೇಲೆ ಅರ್ಜಿ ಕುಟ್ಟಿದೆ. ಆರು ತಿಂಗಳಾದ ಮೇಲೆ ಒಂದು ದಿನ ಡಾಂಬರಿನ ಲಾರಿ ಬಂದು ಒಂದು ಉಬ್ಬು ಸುರಿದು ಹೋಯಿತು. ಅಧ್ಯಕ್ಷರ ಸಂತೋಷಕ್ಕೆ ಪಾರವಿಲ್ಲ. ಹೊಸ ಸ್ಕೂಟರಿಗೇ ಪೂಜೆ ಮಾಡಿಸುವ ನಾವು ಜೀವ ಉಳಿಸುವ ಉಬ್ಬಿಗೆ ಮಾಡಿಸದಿದ್ದರೆ ಹೇಗೆ? ಮರುದಿನವೇ ಪುರೋಹಿತರು ಬಂದರು. ಅರಿಶಿನ, ಕುಂಕುಮ, ಚೆಂಡುಹೂವು ಎಲ್ಲ ಆಯಿತು. ಈ ಜಾಗದಲ್ಲಿ ಯಾರಿಗೂ ಅಪಘಾತ ಆಗದಿರಲೆಂದು ದೃಷ್ಟಿ ತೆಗೆದು, ಒಂದು ದೊಡ್ಡ ಬೂದುಗುಂಬಳಕಾಯಿಯನ್ನು ಉಬ್ಬಿನ ನೆತ್ತಿಯ ಮೇಲೆ ಒಡೆದರು.

ಉದ್ಘಾಟನೆಗೆ ಅಧ್ಯಕ್ಷರೇ ಮೊದಲು ಹಾಯ್ದು ತೋರಿಸಬೇಕೆಂದು ತೀರ್ಮಾನವಾಗಿತ್ತು. ದೂರದಿಂದ ಸ್ಕೂಟರಿನಲ್ಲಿ ಗಂಭೀರವಾಗಿ ಬಂದರು, ಕುಂಬಳದ ತಿರುಳಿನ ಮೇಲೆ ಚಕ್ರ ಇಟ್ಟರು, ನಿಧಾನವಾಗಿ ಪಕ್ಕಕ್ಕೆ ಮಲಗಿದರು. ನಾವು ಓಡಿಹೋಗಿ ಎತ್ತಿದೆವು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಪಂಚೆ ಕೊಡವಿಕೊಳ್ಳುತ್ತ ಅವರು ನನಗೆ ಹೇಳಿದರು:

"ಸ್ಪೀಡ್ ಕಮ್ಮಿ ಆಯ್ತೋ ಇಲ್ವೋ? ಬರ್ಕೊಳ್ರಿ."

ಬರೆದುಕೊಂಡೆ. ಒಂದು ಮಳೆಗಾಲದಲ್ಲಿ ಲಾರಿಗಳು ಆ ಉಬ್ಬನ್ನು ಚಪಾತಿ ಮಾಡಿಬಿಟ್ಟವು.

ಸುಬೇದಾರರ ಕೈ

ಮುಂದಿನ ಸರದಿ ಬಿಳಿ ಪಟ್ಟೆಯದು. ಪಟ್ಟೆಯ ಮೇಲೆ ನಿಂತು ಅಂಗೈ ತೋರಿಸಿದರೆ ವಾಹನ ನಿಲ್ಲಲೇಬೇಕು, ಅದು ಕಾನೂನು ಎಂದು ಸುಬೇದಾರರ ವಾದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎದೆ ಸೆಟೆಸಿ ಪಟ್ಟೆಯ ಮೇಲೆ ನಿಂತು ಅಂಗೈ ಎತ್ತಿದರು. ಬಸ್ಸು ನಿಲ್ಲಲಿಲ್ಲ, ಲಾರಿ ನಿಲ್ಲಲಿಲ್ಲ. ಒಂದು ಆಟೋ ಮಾತ್ರ ಗಕ್ಕನೆ ನಿಂತಿತು. ಸುಬೇದಾರರು ಗೆದ್ದವರ ಹಾಗೆ ನಮ್ಮ ಕಡೆ ತಿರುಗಿ ನೋಡಿದರು.

ಎಲ್ಲಿಗೆ ಎಂದು ಆಟೋದವನು ಕೇಳಿದ. ಎಲ್ಲಿಗೂ ಇಲ್ಲಪ್ಪ, ಆ ಬಸ್‌ಸ್ಟಾಪಿಗೆ ದಾಟಬೇಕು ಎಂದರು ಇವರು. ಅವನು ಎದುರಿನ ಬಸ್‌ಸ್ಟಾಪನ್ನೊಮ್ಮೆ, ಇವರನ್ನೊಮ್ಮೆ ನೋಡಿದ.

"ಅಷ್ಟು ಹತ್ರಕ್ಕೆಲ್ಲ ಬರಲ್ಲ ಸಾರ್," ಎಂದು ಹೇಳಿ ಹೊರಟೇಹೋದ.

ಕೆಂದಿ

ಇಷ್ಟೆಲ್ಲ ನಡೆಯುವಾಗ ಜನ ದಾಟುತ್ತಿದ್ದದ್ದು ಹೇಗೆ ಎಂದರೆ, ಹಾಲಿನಜ್ಜಿಯ ಹಸುವಿನ ಹಿಂದೆ.

ಅಜ್ಜಿಯದು ಆ ಊರಿನ ಹಳೇ ಮನೆತನ. ಹೊಲಗಳೆಲ್ಲ ಸೈಟುಗಳಾಗಿ, ಮಕ್ಕಳೆಲ್ಲ ಮಹಡಿ ಮನೆ ಕಟ್ಟಿಸಿ ಬಾಡಿಗೆ ಎಣಿಸುತ್ತಿದ್ದರೂ ಅಜ್ಜಿ ಒಂದು ಹಸುವನ್ನು ಬಿಟ್ಟಿರಲಿಲ್ಲ. ಹೆಸರು ಕೆಂದಿ. ದಿನಾ ಬೆಳಿಗ್ಗೆ ಎಂಟೂವರೆಗೆ ಅದನ್ನು ಆಚೆ ಕಡೆಯ ಕೆರೆ ಬಯಲಿಗೆ ಮೇಯಲು ಹೊಡೆದುಕೊಂಡು ಹೋಗುವರು. ಮನುಷ್ಯರಿಗೆ ನಿಲ್ಲದ ಲಾರಿಗಳೆಲ್ಲ ಕೆಂದಿಗೆ ನಿಲ್ಲುತ್ತಿದ್ದವು, ಕೆಲವು ಡ್ರೈವರುಗಳು ಕೈ ಮುಗಿಯುತ್ತಲೂ ಇದ್ದರು. ನಡುರಸ್ತೆಯಲ್ಲಿ ಅದಕ್ಕೇನಾದರೂ ಯೋಚನೆ ಬಂದರೆ ನಿಂತು ಯೋಚಿಸಿ ಮುಂದೆ ಹೋಗುವುದು. ಅದರ ಹಿಂದೆ ಟಿಫಿನ್ ಡಬ್ಬಿ ಹಿಡಿದ ನಾವು ಐವತ್ತು ಅರವತ್ತು ಜನ.

ಮಗಳೂ ಹಸುವಿನ ಜೊತೆ ಹೋಗಲಿ ಎಂದು ಹೆಂಡತಿಗೆ ಹೇಳಿ ನೋಡಿದೆ. ಸ್ಕೂಲು ಬಿಡುವ ಹೊತ್ತಿಗೆ ಹಸು ಎಲ್ಲಿರುತ್ತದೆ ಎಂದು ಕೇಳಿದಳು. ಸಿಗ್ನಲ್ ಬೇಕೆಂದು ಇನ್ನೊಂದು ಅರ್ಜಿ ಕುಟ್ಟಲು ಕೂತೆ.

ಅಂತೂ ಮಗಳ ಏಳನೇ ಕ್ಲಾಸು ಮುಗಿದ ಏಪ್ರಿಲ್‌ನಲ್ಲಿ ಇಂಜಿನಿಯರ್ ಸಾಹೇಬರು ಸ್ಥಳ ಪರಿಶೀಲನೆಗೆ ಬರುತ್ತಾರೆಂದು ಕಾಗದ ಬಂತು. ಅವರು ಒಪ್ಪಿದರೆ ಸಿಗ್ನಲ್, ಇಲ್ಲದಿದ್ದರೆ ಮಗಳು ಬಾಣಸವಾಡಿಗೆ. ಹಿಂದಿನ ದಿನ ಅಜ್ಜಿಯ ಮನೆಗೆ ಹೋಗಿ, ನಾಳೆ ಸಾಹೇಬರು ಬರುತ್ತಾರೆ, ಅದೊಂದು ದಿನ ಹಸುವನ್ನು ಹತ್ತು ಗಂಟೆಗೆ ತನ್ನಿ ಎಂದು ಬೇಡಿಕೊಂಡೆ. ಅಜ್ಜಿ ಆಗಲಿ ಎಂದರು. ಆದರೆ ಅವರ ಕಿವಿಗೆ ಬಿದ್ದದ್ದು ಸಾಹೇಬರು ಬರುತ್ತಾರೆ ಎಂಬುದೊಂದೇ.

ಮರುದಿನ ಎಂಟಕ್ಕೆ ಸಾಹೇಬರು ಈ ಕಡೆ ಜೀಪಿನಿಂದಿಳಿದರು. ರಸ್ತೆ ನಮ್ಮ ಮಾನ ಉಳಿಸಿತು. ಲಾರಿಗಳು ಎಂದಿಗಿಂತ ಜೋರಾಗಿದ್ದವು. ಸಾಹೇಬರು ತಲೆಯಾಡಿಸುತ್ತ ಬರೆದುಕೊಂಡರು. ನನಗೆ ಸಿಗ್ನಲ್ ಕಣ್ಣಿಗೆ ಕಟ್ಟಿದಂತಾಯಿತು.

ಸರಿಯಾಗಿ ಎಂಟೂವರೆಗೆ ಗಂಟೆಯ ಸದ್ದು ಕೇಳಿಸಿತು. ಕೆಂದಿಗೆ ಸ್ನಾನ ಮಾಡಿಸಿ, ಕೊಂಬಿಗೆ ಅರಿಶಿನ ಬಳಿದು, ಕೊರಳಿಗೆ ಹಾರ ಹಾಕಿ ಅಜ್ಜಿ ಹಾಜರು. ನನ್ನನ್ನು ನೋಡಿ ಹೆಮ್ಮೆಯಿಂದ ನಕ್ಕರು. ಎರಡೂ ದಿಕ್ಕಿನ ವಾಹನಗಳು ನಿಂತವು. ಹಿಂದಿದ್ದ ಗುಂಪು ಹೊರಟಿತು, ಗುಂಪಿನ ಜೊತೆ ಸಾಹೇಬರೂ ದಾಟಿದರು, ತಲೆ ತಗ್ಗಿಸಿಕೊಂಡು ನಾನೂ ದಾಟಿದೆ. ಆಚೆ ಸೇರಿದ ಮೇಲೆ ಅವರು ಬರೆದದ್ದನ್ನು ಹೆಗಲ ಮೇಲಿಂದ ಇಣುಕಿ ಓದಿದೆ: "ಸಾರ್ವಜನಿಕರು ನಿರಾತಂಕವಾಗಿ ದಾಟುತ್ತಿದ್ದಾರೆ. ಸಿಗ್ನಲ್ ಅಗತ್ಯವಿಲ್ಲ."

ಅಜ್ಜಿ, ಕೆಂದಿ ಇಬ್ಬರೂ ಕೆರೆ ಬಯಲಿನ ದಾರಿ ಹಿಡಿದಾಗಿತ್ತು.

ಸಾಹೇಬರು ಪೆನ್ನು ಜೇಬಿಗಿಟ್ಟು ವಾಪಸ್ ಹೊರಟರು. ಒಂದು ಹೆಜ್ಜೆ ಮುಂದಿಟ್ಟರು, ಎರಡು ಹೆಜ್ಜೆ ಹಿಂದೆ ಬಂದರು. ಡ್ರೈವರನ್ನು ಕೂಗಿದರು. ಅವನು ಜೀಪಿನೊಳಗೆ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಮುಕ್ಕಾಲು ಗಂಟೆಯಾಯಿತು. ಬಿಸಿಲೇರಿತು. ಕರ್ಚೀಫಿನಿಂದ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಆ ಅಜ್ಜಿ ವಾಪಸ್ ಎಷ್ಟೊತ್ತಿಗೆ ಬರ್ತಾರೆ ರೀ?"

"ಸಾಯಂಕಾಲ ಐದಕ್ಕೆ ಸಾರ್."

ಅವರು ಗಡಿಯಾರ ನೋಡಿಕೊಂಡರು. ಪೆನ್ನು ತೆಗೆದು, ಬರೆದದ್ದನ್ನು ಹೊಡೆದುಹಾಕಿ, "ಅತಿ ತುರ್ತಾಗಿ" ಎಂದು ಶುರುಮಾಡಿದರು.

ಜೂನ್‌ನಲ್ಲಿ ಸ್ಕೂಲು ಶುರುವಾಗುವ ಹೊತ್ತಿಗೆ ಸಿಗ್ನಲ್ ಬಂತು. ಮೊದಲ ದಿನ ಮಗಳನ್ನು ದಾಟಿಸಲು ನಾವಿಬ್ಬರೂ ಹೋದೆವು. ನನಗಂತೂ ಕಣ್ಣು ತುಂಬಿ ಬಂದಿತ್ತು. ನಮ್ಮ ಹಸಿರು ದೀಪ ಬಂತು, ಲಾರಿಗಳು ನಿಂತವು, ಮಗಳು ಕಾಲು ಎತ್ತಿದಳು. ಎರಡು ವರ್ಷ ಸಿಗ್ನಲ್ ಸಿಗ್ನಲ್ ಎಂದು ನನ್ನ ಪ್ರಾಣ ತಿಂದಿದ್ದ ಹೆಂಡತಿ ಅವಳ ಕೈ ಹಿಡಿದು ಹಿಂದಕ್ಕೆಳೆದಳು.

"ಇರು, ಹಸು ಬರ್ಲಿ."